ನೀರು ಕುಡಿದ ಗಿಡ, ಬಾಡಿದ ಗಿಡ, ಎರಡಕ್ಕೂ ಒಂದೇ ಬ್ಯಾಂಡ್: ಅಸಿಟೈಲೇಷನ್ ಬ್ಲಾಟ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ಹತ್ತು ದಿನ ನೀರು ನಿಲ್ಲಿಸಿ ಅರಬಿಡಾಪ್ಸಿಸ್ (ಸಾಸಿವೆ ಕುಟುಂಬದ ಪುಟ್ಟ ಪ್ರಯೋಗಗಿಡ) ಗಿಡಗಳನ್ನು ಒಣಗಿಸಿದ್ದಾಯಿತು. ಎಲೆ ಕಿತ್ತು, ಅರೆದು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಜೆಲ್ ಓಡಿಸಿ, ಅವನ್ನು ಮೆಂಬ್ರೇನಿಗೆ ಇಳಿಸಿ, ಆ ಮೆಂಬ್ರೇನನ್ನು ರಾತ್ರಿಯೆಲ್ಲ ಅಸಿಟೈಲ್ ಗುರುತು ಹಿಡಿಯುವ ಆಂಟಿಬಾಡಿಯಲ್ಲಿ ನೆನೆಸಿಟ್ಟದ್ದೂ ಆಯಿತು (ಈ ಪರೀಕ್ಷೆಯೇ ಬ್ಲಾಟ್). ಬೆಳಿಗ್ಗೆ ಆಸೆಯಿಂದ ನೋಡಿದರೆ ನೀರು ಕುಡಿದ ಗಿಡದ ಲೇನೂ (ಜೆಲ್‌ನಲ್ಲಿ ಒಂದು ಮಾದರಿ ಓಡಿದ ಪಟ್ಟಿ) ಬಾಡಿದ ಗಿಡದ ಲೇನೂ ಅವಳಿಗಳ ಹಾಗಿವೆ. ಇಲ್ಲವೇ ಈ ಸಲ ಏರಿಕೆ, ಮುಂದಿನ ಸಲ ಇಳಿಕೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಆಂಟಿಬಾಡಿ ಸರಿ ಇಲ್ಲ ಅನ್ಸುತ್ತೆ."

ನಾನೂ ಹಾಗೇ ಅಂದುಕೊಂಡು ಹೊಸ ಆಂಟಿಬಾಡಿ ತರಿಸಿದವನೇ. ಅದೂ ಅದೇ ಚಿತ್ರ ಕೊಟ್ಟಿತು. ಈಗ ಯಾರಾದರೂ ಈ ದೂರು ತಂದರೆ ನಾನು ಆಂಟಿಬಾಡಿಯನ್ನು ಕೊನೆಗೆ ವಿಚಾರಿಸುತ್ತೇನೆ. ತಪ್ಪು ಜಾಸ್ತಿ ಅಡಗಿರುವುದು ಕುಂಡದಲ್ಲಿ, ಎಲೆ ಅರೆಯುವ ಮೊದಲ ಕೆಲವು ನಿಮಿಷಗಳಲ್ಲಿ, ಅಥವಾ ನಾವು ಕೇಳಿದ ಪ್ರಶ್ನೆಯಲ್ಲೇ. ಹಾಗಾಗಿ ಹುಡುಕುವುದನ್ನೂ ಗಿಡದ ಕಡೆಯಿಂದಲೇ ಶುರು ಮಾಡೋಣ.

ಹುಡುಕಲು ಬೇಕಾದಷ್ಟು ಹಿನ್ನೆಲೆ

ಅಸಿಟೈಲ್-ಕೋಎ ಎಂಬ ಅಣುವಿನಿಂದ ಅಸಿಟೈಲ್ ಗುಂಪು ಕಳಚಿಕೊಂಡು ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ ಕೂರುತ್ತದೆ. ಇದೇ ಅಸಿಟೈಲೇಷನ್. ಲೈಸಿನ್‌ಗಿದ್ದ ಧನ ಆವೇಶ ಹೋಗುತ್ತದೆ. ಆ ಪ್ರೋಟೀನು ಹಿಸ್ಟೋನ್ (ಡಿಎನ್ಎ ಸುತ್ತಿಕೊಳ್ಳುವ ಪ್ರೋಟೀನು) ಆಗಿದ್ದರೆ ಡಿಎನ್ಎ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ, ಆ ಜಾಗದ ಜೀನನ್ನು ಓದುವುದು ಸುಲಭವಾಗುತ್ತದೆ. ಹಿಸ್ಟೋನ್ ಅಸಿಟೈಲೇಷನ್‌ಗೂ ಆರ್‌ಎನ್ಎ ತಯಾರಿಗೂ ನಂಟಿದೆ ಎಂದು ವಿನ್ಸೆಂಟ್ ಆಲ್‌ಫ್ರೀ ಮತ್ತು ಸಂಗಡಿಗರು 1964ರಲ್ಲೇ ತೋರಿಸಿದ್ದರು. ಬರ, ಉಪ್ಪು, ಚಳಿ, ಸೆಕೆ ತಾಗಿದಾಗ ಗಿಡ ಕೆಲವು ಜೀನ್‌ಗಳನ್ನು ಬೇಗ ಎಬ್ಬಿಸಬೇಕು, ಕೆಲವನ್ನು ಮಲಗಿಸಬೇಕು. ಅದಕ್ಕೆ ಈ ಅಸಿಟೈಲ್ ಗುರುತು ಚೆನ್ನಾಗಿ ಒದಗುತ್ತದೆ, ಏಕೆಂದರೆ ಹಾಕಿದಷ್ಟೇ ಸಲೀಸಾಗಿ ತೆಗೆಯಬಹುದು.

ಅರಬಿಡಾಪ್ಸಿಸ್‌ನಲ್ಲಿ ಹಿಸ್ಟೋನ್‌ಗೆ ಗುರುತು ಹಾಕುವ ಕಿಣ್ವಗಳು 12 ಇವೆ ಎಂಬ ಲೆಕ್ಕವಿದೆ. ಕೀಳುವ ಕಿಣ್ವಗಳು, ಅಂದರೆ ಡೀಅಸಿಟೈಲೇಸ್‌ಗಳು, 18. ಈ ಹದಿನೆಂಟರಲ್ಲಿ ಮೂರು ಮನೆತನ: ಆರ್‌ಪಿಡಿ3 ಬಗೆಯವು 12, ಗಿಡಗಳಲ್ಲಿ ಮಾತ್ರ ಸಿಗುವ ಎಚ್‌ಡಿ2 ಬಗೆಯವು 4, ಸರ್ಟುಯಿನ್‌ಗಳು 2. ಈ ಲೆಕ್ಕ ಪರೀಕ್ಷೆಗೆ ಬಾಯಿಪಾಠ ಮಾಡಲು ಕೊಟ್ಟದ್ದಲ್ಲ. ಬಫರ್‌ಗೆ (ಎಲೆ ಅರೆಯುವಾಗ ಹಾಕುವ ದ್ರಾವಣಕ್ಕೆ) ಏನು ಹಾಕಬೇಕು ಎಂದು ಮುಂದೆ ಇದೇ ಹೇಳುತ್ತದೆ.

ಗಿಡಕ್ಕೆ ನಿಜಕ್ಕೂ ಒತ್ತಡ ಆಗಿತ್ತಾ?

"ಎಲೆ ಬಾಡಿತ್ತು" ಅನ್ನುವುದು ಅಳತೆಯಲ್ಲ. ಎಲೆಯಲ್ಲಿ ಎಷ್ಟು ನೀರು ಉಳಿದಿತ್ತು ಎಂದು ಲೆಕ್ಕ ಹಾಕಿ. ಕಿತ್ತ ತಕ್ಷಣದ ತೂಕ, ನೀರಲ್ಲಿ ಕೆಲವು ಗಂಟೆ ತೇಲಿಬಿಟ್ಟ ಮೇಲಿನ ತೂಕ, ಓವನ್‌ನಲ್ಲಿ ಪೂರ್ತಿ ಒಣಗಿಸಿದ ತೂಕ, ಈ ಮೂರು ಸಾಕು. ನಾಲ್ಕು ಎಲೆಯ ತೂಕ ಕ್ರಮವಾಗಿ 120, 150, 15 ಮಿಲಿಗ್ರಾಂ ಬಂದಿತು ಅಂದುಕೊಳ್ಳಿ. 120ರಿಂದ 15 ಕಳೆದರೆ 105. 150ರಿಂದ 15 ಕಳೆದರೆ 135. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 78. ಚೆನ್ನಾಗಿ ನೀರು ಕುಡಿದ ಎಲೆಯಲ್ಲಿ ಈ ಅಂಕಿ ಸಾಮಾನ್ಯವಾಗಿ 85ರಿಂದ 95ರ ನಡುವೆ ಇರುತ್ತದೆ. ನಿಮ್ಮ "ಬರ"ದ ಗಿಡದಲ್ಲಿ 88 ಬಂದರೆ ಬ್ಲಾಟ್ ಸರಿಯಾಗೇ ಇದೆ, ಗಿಡಕ್ಕೆ ಏನೂ ಆಗಿಲ್ಲ ಅಷ್ಟೇ.

ಜೊತೆಗೆ ಅದೇ ಎಲೆಯ ಒಂದು ಚೂರಿನಿಂದ ಆರ್‌ಎನ್ಎ ತೆಗೆದು ಆರ್‌ಡಿ29ಎ ಜೀನ್ ಎದ್ದಿದೆಯೇ ನೋಡಿ. ಬರ, ಉಪ್ಪು, ಚಳಿ ಮೂರಕ್ಕೂ ಏಳುವ ಜೀನ್ ಇದು. ಇದೇ ಮಲಗಿದ್ದರೆ ಅಸಿಟೈಲೇಷನ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ, ವಾಪಸ್ ಕುಂಡದ ಹತ್ತಿರ ಹೋಗಿ.

ಇದರ ಉಲ್ಟಾ ತಪ್ಪೂ ಇದೆ, ಅದನ್ನು ಹಿಡಿಯುವುದು ಕಷ್ಟ. ಕಂಟ್ರೋಲ್ ಗಿಡಕ್ಕೇ (ಹೋಲಿಕೆಗೆಂದು ಒತ್ತಡ ಕೊಡದೆ ಇಟ್ಟದ್ದಕ್ಕೇ) ಒತ್ತಡ ಆಗಿರುತ್ತದೆ. ತಟ್ಟೆಯಿಂದ ಸಸಿ ಕೀಳುವಾಗ ಬೇರು ಹರಿಯಿತು, ಟ್ರೇ ತಂದು ಮೇಜಿನ ಮೇಲೆ ಅರ್ಧ ಗಂಟೆ ಇಟ್ಟಿರಿ, ಎಲೆಯನ್ನು ಚಿಮಟದಲ್ಲಿ ಗಟ್ಟಿಯಾಗಿ ಹಿಂಡಿದಿರಿ. ಗಿಡಕ್ಕೆ ಇವೆಲ್ಲ ಗೊತ್ತಾಗುತ್ತವೆ. ದ್ರವ ನೈಟ್ರೋಜನ್ನನ್ನು ಗಿಡ ಇರುವ ಕಡೆಗೆ ಒಯ್ಯಿರಿ, ಗಿಡವನ್ನು ನೈಟ್ರೋಜನ್ ಇರುವ ಕಡೆಗೆ ತರಬೇಡಿ.

ಹೊತ್ತಿನ ವಿಷಯವನ್ನೂ ಮರೆಯುವ ಹಾಗಿಲ್ಲ. ಬೆಳಕು-ಕತ್ತಲೆಗೆ ತಕ್ಕ ಹಾಗೆ ಅಸಿಟೈಲ್ ಗುರುತು ಏರಿಳಿಯುತ್ತದೆ. ಗಿಡದ ಒಳಗಡಿಯಾರ ನಡೆಸುವ ಜೀನ್‌ಗಳ ಮೇಲೇ ದಿನವೂ ಈ ಏರಿಳಿತ ಇರುತ್ತದೆ. ಕಂಟ್ರೋಲನ್ನು ಬೆಳಿಗ್ಗೆ ಹತ್ತಕ್ಕೆ ಕಿತ್ತು, ಆರು ಗಂಟೆ ಉಪ್ಪಿನಲ್ಲಿಟ್ಟ ಗಿಡವನ್ನು ಸಂಜೆ ನಾಲ್ಕಕ್ಕೆ ಕಿತ್ತರೆ ನೀವು ಅಳೆದದ್ದು ಉಪ್ಪನ್ನೋ ಗಡಿಯಾರವನ್ನೋ? ಪ್ರತಿ ಹೊತ್ತಿಗೂ ಅದರದೇ ಕಂಟ್ರೋಲ್ ಇರಲಿ. ಕೆಲಸ ಎರಡರಷ್ಟು ಆಗುತ್ತದೆ, ಬೇರೆ ದಾರಿ ಇಲ್ಲ.

ಮತ್ತೊಂದು: ಬಾಡಿದ ಗಿಡ ನೋಡಿ ಕನಿಕರಪಟ್ಟು ಯಾರಾದರೂ ಒಂದು ಲೋಟ ನೀರು ಹಾಕಿದರೋ, ಮುಗಿಯಿತು. ಬರದಲ್ಲಿ ಏಳುವ ಜೀನ್‌ಗಳ ಮೇಲಿನ ಎಚ್3ಕೆ9 ಅಸಿಟೈಲ್ ಗುರುತು (ಎಚ್3 ಎಂಬ ಹಿಸ್ಟೋನಿನ ಒಂಬತ್ತನೇ ಜಾಗದ ಲೈಸಿನ್ ಮೇಲಿನದು) ನೀರು ಸಿಕ್ಕ ಮೇಲೆ ಬೇಗ ಇಳಿಯುತ್ತದೆ. ಅದೇ ಜಾಗದ ಎಚ್3ಕೆ4 ಮಿಥೈಲ್ ಎಂಬ ಬೇರೊಂದು ಗುರುತು ನಿಧಾನವಾಗಿ ಇಳಿಯುತ್ತದೆ. ನಿಮ್ಮಲ್ಲಿ ಮಿಥೈಲ್ ಬದಲಾವಣೆ ಕಂಡು ಅಸಿಟೈಲ್ ಬದಲಾವಣೆ ಕಾಣದಿದ್ದರೆ, ನೀರಿನ ಕ್ಯಾನ್ ಯಾರ ಕೈಯಲ್ಲಿತ್ತು ಎಂದು ಒಮ್ಮೆ ವಿಚಾರಿಸಿ.

ಅರೆಯುವಾಗಿನ ಮೊದಲ ಐದು ನಿಮಿಷ

ನನ್ನ ಮಟ್ಟಿಗೆ ಈ ಪ್ರಯೋಗ ಉಳಿಯುವುದೂ ಕೆಡುವುದೂ ಇಲ್ಲೇ. ಎಲೆ ಅರೆದು ಬಫರ್ ಹಾಕಿದ ಕೂಡಲೇ ಪುಡಿ ಕರಗುತ್ತದೆ. ಅಲ್ಲಿಯವರೆಗೆ ಹೆಪ್ಪುಗಟ್ಟಿ ಸುಮ್ಮನಿದ್ದ ಡೀಅಸಿಟೈಲೇಸ್‌ಗಳು ಎದ್ದು ಕೂರುತ್ತವೆ. ಗುರುತು ಹಾಕುವವರಿಗೆ ಬೇಕಾದ ಅಸಿಟೈಲ್-ಕೋಎ ಬಫರ್‌ನಲ್ಲಿ ತೆಳುವಾಗಿ ಹೋಗಿರುತ್ತದೆ, ಕೀಳುವವರಲ್ಲಿ ಬಹುಪಾಲಿಗೆ ಅಂಥ ಕೊರತೆಯೇನೂ ಇಲ್ಲ. ಅಂದರೆ ಟ್ಯೂಬಿನಲ್ಲಿ ಆಟ ಒಂದೇ ಕಡೆಗೆ ಸಾಗುತ್ತದೆ. ಐಸ್ ಮೇಲೆ ಇಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ನನಗೆ ಇದು ಅರ್ಥವಾದ ಬಗೆ ಹೇಳುತ್ತೇನೆ. ಆರು ಮಾದರಿ ಇದ್ದವು. ಮೂರು ಕಂಟ್ರೋಲ್, ಮೂರು ಉಪ್ಪಿನವು. ಶಿಸ್ತಾಗಿ ಕಂಟ್ರೋಲ್ ಮೊದಲು, ಉಪ್ಪಿನವು ಆಮೇಲೆ ಅರೆದೆ. ಒಂದೊಂದಕ್ಕೂ ನಾಲ್ಕೈದು ನಿಮಿಷ. ಎಲ್ಲ ಮುಗಿಸಿ ಒಟ್ಟಿಗೆ ಸೆಂಟ್ರಿಫ್ಯೂಜ್‌ಗೆ ಹಾಕಿದೆ. ಬ್ಲಾಟ್‌ನಲ್ಲಿ ಉಪ್ಪಿನ ಲೇನ್‌ಗಳು ದಪ್ಪ, ಕಂಟ್ರೋಲ್ ತೆಳು. ಖುಷಿಯೋ ಖುಷಿ. ಆದರೆ ಕಂಟ್ರೋಲ್ ಮೂರರಲ್ಲೂ ಒಂದು ಮೆಟ್ಟಿಲು ಕಾಣುತ್ತಿತ್ತು: ಮೊದಲು ಅರೆದದ್ದು ಎಲ್ಲಕ್ಕಿಂತ ತೆಳು, ಮೂರನೆಯದು ಸ್ವಲ್ಪ ಗಾಢ. ಒಂದೇ ಟ್ರೇಯ ಗಿಡಗಳಲ್ಲಿ ಹೀಗೇಕೆ? ಮುಂದಿನ ವಾರ ಉಪ್ಪಿನವನ್ನು ಮೊದಲು ಅರೆದೆ. ಫಲಿತಾಂಶ ತಿರುಗಿಬಿತ್ತು. ನಾನು ಅಳೆದದ್ದು ಗಿಡದ ಒತ್ತಡವನ್ನಲ್ಲ, ಐಸ್ ಮೇಲೆ ಟ್ಯೂಬ್ ಕಾದ ಹೊತ್ತನ್ನು.

ಹಾಗಾಗಿ "ಪ್ರತಿ ಸಲ ಬೇರೆ ಬೇರೆ ಬರುತ್ತದೆ" ಎಂಬ ದೂರು ಬಂದರೆ ನಾನು ಹೇಳುವ ಮೊದಲ ಪರೀಕ್ಷೆ ಇದು: ಅರೆಯುವ ಸರದಿಯನ್ನು ತಿರುಗಿಸಿ. ಜೊತೆಗೆ ಒಂದೇ ಪುಡಿಯನ್ನು ಎರಡು ಭಾಗ ಮಾಡಿ. ಒಂದನ್ನು ಬಫರ್ ಹಾಕಿದ ತಕ್ಷಣ ಎಸ್‌ಡಿಎಸ್ (ಪ್ರೋಟೀನು ಬಿಚ್ಚಿ ಕಿಣ್ವಗಳನ್ನು ನಿಲ್ಲಿಸುವ ಮಾರ್ಜಕ) ಜೊತೆ ಕುದಿಸಿ, ಇನ್ನೊಂದನ್ನು ಅರ್ಧ ಗಂಟೆ ಐಸ್ ಮೇಲಿಟ್ಟು ಆಮೇಲೆ ಕುದಿಸಿ. ಎರಡರ ಬ್ಯಾಂಡ್ ಒಂದೇ ಆಗಿದ್ದರೆ ನಿಮ್ಮ ಬಫರ್ ಕೆಲಸ ಮಾಡುತ್ತಿದೆ. ಎರಡನೆಯದು ತೆಳುವಾಗಿದ್ದರೆ ತಪ್ಪು ಸಿಕ್ಕಿತು.

ಬಫರ್‌ನಲ್ಲಿ ಏನಿರಬೇಕು? ಮನೆತನದ ಮಾತು ಈಗ ಉಪಯೋಗಕ್ಕೆ ಬರುತ್ತದೆ. ಟ್ರೈಕೋಸ್ಟಾಟಿನ್-ಎ ಮತ್ತು ಸೋಡಿಯಂ ಬ್ಯುಟಿರೇಟ್ ಆರ್‌ಪಿಡಿ3 ಬಗೆಯವನ್ನು ತಡೆಯುತ್ತವೆ. ಸರ್ಟುಯಿನ್‌ಗಳು ಎನ್ಎಡಿ ಎಂಬ ಸಹಾಯಕ ಅಣು ಬಳಸಿ ಕೆಲಸ ಮಾಡುವವು, ಅವಕ್ಕೆ ಟ್ರೈಕೋಸ್ಟಾಟಿನ್ ತಾಗುವುದಿಲ್ಲ, ನಿಕೋಟಿನಮೈಡ್ ಬೇಕು. ನಾನು ಟ್ರೈಕೋಸ್ಟಾಟಿನ್ 1 ಮೈಕ್ರೋಮೋಲಾರ್, ಬ್ಯುಟಿರೇಟ್ 10 ಮಿಲಿಮೋಲಾರ್, ನಿಕೋಟಿನಮೈಡ್ 10 ಮಿಲಿಮೋಲಾರ್ ಹಾಕುತ್ತೇನೆ. ಅರೆಯುವ ದಿನವೇ ಸೇರಿಸುತ್ತೇನೆ. ಪ್ರೋಟೀಯೇಸ್ ತಡೆಯುವ ಪಿಎಂಎಸ್ಎಫ್ ಕೂಡ ನೀರಿಗೆ ಬಿದ್ದ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ. ನಿನ್ನೆ ಬೆರೆಸಿಟ್ಟ ಬಫರ್‌ನಲ್ಲಿ ಅದರ ಹೆಸರು ಮಾತ್ರ ಇರುತ್ತದೆ.

ಲೋಡಿಂಗ್, ಮತ್ತು ರುಬಿಸ್ಕೋ ಎಂಬ ದೈತ್ಯ

ಬಾಡಿದ ಎಲೆಯಲ್ಲಿ ನೀರು ಕಡಿಮೆ. 100 ಮಿಲಿಗ್ರಾಂ ಹಸಿ ಎಲೆ ತೂಗಿ ತಗೊಂಡರೆ ಬಾಡಿದ್ದರಲ್ಲಿ ಪ್ರೋಟೀನು ಜಾಸ್ತಿ ಬಂದಿರುತ್ತದೆ. "ಬರದಲ್ಲಿ ಅಸಿಟೈಲೇಷನ್ ಏರಿತು" ಎನ್ನುವ ಎಷ್ಟೋ ಚಿತ್ರ ಹೀಗೇ ಹುಟ್ಟುತ್ತವೆ. ಎಲೆಯ ತೂಕ ಬಿಟ್ಟು ಪ್ರೋಟೀನು ಅಳೆದು ಜೆಲ್‌ಗೆ ಲೋಡ್ ಮಾಡಿ. ಅಳೆಯುವಾಗಲೂ ಎಚ್ಚರ: ಬಫರ್‌ನಲ್ಲಿ ಎಸ್‌ಡಿಎಸ್ ಜಾಸ್ತಿ ಇದ್ದರೆ ಬ್ರಾಡ್‌ಫರ್ಡ್ ಅಳತೆ ಕೆಡುತ್ತದೆ, ಡಿಟಿಟಿ ಇದ್ದರೆ ಬಿಸಿಎ ಅಳತೆ ಕೆಡುತ್ತದೆ.

ಇನ್ನು ರುಬಿಸ್ಕೋ, ಅಂದರೆ ಗಾಳಿಯ ಇಂಗಾಲವನ್ನು ಹಿಡಿಯುವ ಎಲೆಯ ಕಿಣ್ವ. ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ಇದೊಂದೇ ಇರಬಹುದು. ದೊಡ್ಡ ತುಂಡು ಸುಮಾರು 55 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ), ಚಿಕ್ಕದು 14ರ ಆಸುಪಾಸು. ದೊಡ್ಡ ತುಂಡಿನ ಹಲವು ಲೈಸಿನ್‌ಗಳ ಮೇಲೆ ಅಸಿಟೈಲ್ ಇರುವುದು ನಿಜವೇ. ಆದರೆ ಲೇನಿನ ತುಂಬ ಅದೇ ಹರಡಿದರೆ ಬೇರೇನೂ ಕಾಣುವುದಿಲ್ಲ. ಚಿಕ್ಕ ತುಂಡಿನ ಕಿತಾಪತಿ ಇನ್ನೂ ಜಾಸ್ತಿ. ಹಿಸ್ಟೋನ್ ಎಚ್3 ಜೆಲ್‌ನಲ್ಲಿ 15ರಿಂದ 17ರ ಹತ್ತಿರ ಓಡುತ್ತದೆ, ಅದರ ಪಕ್ಕದಲ್ಲೇ ಈ ಚಿಕ್ಕ ತುಂಡು. ಇಡೀ ಎಲೆಯ ಸಾರ ಲೋಡ್ ಮಾಡಿ, ಸಿಕ್ಕ ಬ್ಯಾಂಡನ್ನು ಎಚ್3 ಅಂತ ನಂಬಿ ಎರಡು ವಾರ ಓಡಾಡಿದ್ದೇನೆ. ಕೊನೆಗೆ ಮೆಂಬ್ರೇನಿಗೆ ಎಲ್ಲ ಪ್ರೋಟೀನನ್ನೂ ಕೆಂಪಾಗಿ ತೋರಿಸುವ ಪಾನ್ಸೋ ಬಣ್ಣ ಹಾಕಿ, ಬ್ಲಾಟ್ ಚಿತ್ರವನ್ನು ಅದರ ಮೇಲಿಟ್ಟು ನೋಡಿದರೆ, ನನ್ನ "ಎಚ್3" ಸರಿಯಾಗಿ ಆ ದಪ್ಪ ಕೆಂಪು ಗೆರೆಯ ಮೇಲೇ ಕೂತಿತ್ತು.

ಹಿಸ್ಟೋನ್ ಬೇಕೆಂದರೆ ಮೊದಲು ನ್ಯೂಕ್ಲಿಯಸ್ ಬೇರೆ ಮಾಡಿ, ಆಮೇಲೆ ಸಲ್ಫ್ಯೂರಿಕ್ ಆಮ್ಲದಲ್ಲಿ ಹಿಸ್ಟೋನ್ ತೆಗೆಯಿರಿ. ಹಿಸ್ಟೋನ್‌ಗಳು ಆಮ್ಲದಲ್ಲಿ ಕರಗುತ್ತವೆ, ಉಳಿದವು ಬಹುಪಾಲು ಕೆಳಗೆ ಕೂರುತ್ತವೆ. ಮೆಂಬ್ರೇನಿನ ರಂಧ್ರ 0.2 ಮೈಕ್ರಾನ್ ಇರಲಿ. 0.45ರದ್ದಾದರೆ ಎಚ್4ನಂಥ 11 ಕಿಲೋಡಾಲ್ಟನ್ ಪುಟಾಣಿಗಳು ತೂರಿಕೊಂಡು ಆಚೆ ಹೋಗಿಬಿಡಬಹುದು. ಬ್ಯಾಂಡೇ ಬರುತ್ತಿಲ್ಲ ಎನ್ನುವವರು ಮೊದಲ ಮೆಂಬ್ರೇನಿನ ಹಿಂಬದಿಗೆ ಎರಡನೇ ಮೆಂಬ್ರೇನ್ ಇಟ್ಟು ನೋಡಲಿ. ಲೋಡಿಂಗ್‌ಗೆ ಹೋಲಿಕೆ ಒಟ್ಟು ಎಚ್3 ಜೊತೆಗೇ ಇರಲಿ, ಆಕ್ಟಿನ್ ಎಂಬ ಮಾಮೂಲಿ ಹೋಲಿಕೆಯ ಪ್ರೋಟೀನಿನ ಜೊತೆ ಬೇಡ.

ಈಗ ಆಂಟಿಬಾಡಿಯನ್ನು ಕೂರಿಸಿ ಕೇಳಿ

ಇಷ್ಟೆಲ್ಲ ದಾಟಿದ ಮೇಲೂ ಅನುಮಾನ ಇದ್ದರೆ ಮೂರು ಲೇನ್ ಸಾಕು. ಒಂದಷ್ಟು ಸಸಿಗಳನ್ನು ಕೆಲವು ಗಂಟೆ ಟ್ರೈಕೋಸ್ಟಾಟಿನ್‌ನಲ್ಲಿ ಇಡಿ, ಇನ್ನೊಂದಷ್ಟನ್ನು ಬರೀ ಡಿಎಂಎಸ್ಒ (ಟ್ರೈಕೋಸ್ಟಾಟಿನ್ ಕರಗಿಸುವ ದ್ರಾವಕ) ಹಾಕಿದ ನೀರಲ್ಲಿ ಇಡಿ, ಮತ್ತಷ್ಟನ್ನು ಏನೂ ಮಾಡದೆ ಬಿಡಿ. ಮೊದಲನೆಯದರಲ್ಲಿ ಹಿಸ್ಟೋನ್ ಬ್ಯಾಂಡ್ ಏರಲೇಬೇಕು. ಏರದಿದ್ದರೆ ಆಂಟಿಬಾಡಿಯನ್ನು ಅಥವಾ ಹಳೆಯ ಟ್ರೈಕೋಸ್ಟಾಟಿನ್ನನ್ನು ಬೈಯಲು ನಿಮಗೆ ಹಕ್ಕಿದೆ. ಏರಿದರೆ ಆಂಟಿಬಾಡಿ ಪಾಪ, ಬಿಟ್ಟುಬಿಡಿ.

ಲೇನ್ ತುಂಬ ಎಲ್ಲೆಂದರಲ್ಲಿ ಬ್ಯಾಂಡ್ ಬಂದರೆ ಆಂಟಿಬಾಡಿಯನ್ನು ಮೊದಲೇ ಅಸಿಟೈಲ್ ಹಾಕಿದ ಬಿಎಸ್ಎ (ಹಸುವಿನ ರಕ್ತದ ಒಂದು ಪ್ರೋಟೀನು) ಜೊತೆ ಬೆರೆಸಿಟ್ಟು ಆಮೇಲೆ ಬಳಸಿ. ನಿಜವಾದ ಅಸಿಟೈಲ್ ಬ್ಯಾಂಡ್‌ಗಳು ಮಾಯವಾಗುತ್ತವೆ. ಹಾಗೇ ಉಳಿದವು ಅಂಟಿಕೊಂಡ ಕಸ. ಮೆಂಬ್ರೇನಿನ ಖಾಲಿ ಜಾಗ ಬ್ಲಾಕ್ ಮಾಡಲು ಹಾಲೋ ಬಿಎಸ್ಎಯೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಎರಡನ್ನೂ ಒಮ್ಮೆ ಅಕ್ಕಪಕ್ಕ ಮಾಡಿ ನೋಡಿ, ಯಾವುದರಲ್ಲಿ ಹಿನ್ನೆಲೆ ಕಡಿಮೆಯೋ ಅದು ನಿಮ್ಮದು.

ಒಟ್ಟು ಮಟ್ಟ ಬದಲಾಗಲೇಬೇಕು ಅಂತ ಯಾರು ಹೇಳಿದ್ದು?

ಗಿಡ ಸರಿ, ಬಫರ್ ಸರಿ, ಆಂಟಿಬಾಡಿ ಸರಿ, ಆದರೂ ಎರಡು ಲೇನ್ ಒಂದೇ ಥರ. ಆಗ ಅದು ದೋಷವೇ ಅಲ್ಲದಿರಬಹುದು.

ಅರಬಿಡಾಪ್ಸಿಸ್‌ನಲ್ಲಿ 27,000ಕ್ಕೂ ಜಾಸ್ತಿ ಜೀನ್‌ಗಳಿವೆ. ಬರ ತಾಗಿದಾಗ ಕೆಲವು ನೂರು ಜೀನ್‌ಗಳ ಮೇಲೆ ಗುರುತು ಏರಿ, ಇನ್ನು ಕೆಲವು ನೂರರ ಮೇಲೆ ಇಳಿದರೆ ಒಟ್ಟು ಬ್ಯಾಂಡ್‌ಗೆ ಏನು ಗೊತ್ತಾಗುತ್ತದೆ? ಊರಿನ ಒಟ್ಟು ಕರೆಂಟ್ ಬಳಕೆ ನೋಡಿ ಯಾರ ಮನೆಯಲ್ಲಿ ದೀಪ ಉರಿಯಿತು ಎಂದು ಹೇಳಲಾಗದು, ಅಲ್ವಾ? ಹಾಗಾಗಿ ಜಾಗ ಹಿಡಿದು ನೋಡಬೇಕು, ಅಂದರೆ ಚಿಪ್-ಕ್ಯುಪಿಸಿಆರ್: ಗುರುತಿರುವ ಹಿಸ್ಟೋನನ್ನು ಆಂಟಿಬಾಡಿಯಿಂದ ಹಿಡಿದು, ಜೊತೆಗೆ ಬಂದ ಡಿಎನ್ಎಯಲ್ಲಿ ನಮಗೆ ಬೇಕಾದ ಜೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಬರದಲ್ಲಿ ಆರ್‌ಡಿ29ಎ, ಆರ್‌ಡಿ29ಬಿ, ಆರ್‌ಡಿ20 ಜೀನ್‌ಗಳ ಮೇಲೆ ಎಚ್3ಕೆ9 ಅಸಿಟೈಲ್ ಏರುವುದು 2008ರಿಂದಲೇ ವರದಿಯಾಗಿದೆ. ಚಳಿಯ ಪ್ರಯೋಗ ಆದರೆ ಸಿಒಆರ್15ಎ, ಸಿಒಆರ್47 ಜೀನ್‌ಗಳನ್ನು ನೋಡಿ.

ಚಿಪ್‌ನಲ್ಲಿ ಒಂದು ಮೋಸ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒತ್ತಡದಲ್ಲಿ ಜೋರಾಗಿ ಎದ್ದ ಜೀನಿನ ಮೇಲಿಂದ ಹಿಸ್ಟೋನ್‌ಗಳೇ ಜಾರಿಹೋಗಬಹುದು. ಗುರುತು ಹೊರುವ ಹಿಸ್ಟೋನೇ ಅರ್ಧ ಆದರೆ, ಉಳಿದದ್ದರ ಮೇಲೆ ಅಸಿಟೈಲ್ ಎರಡರಷ್ಟು ಆದರೂ ಲೆಕ್ಕದಲ್ಲಿ "ಬದಲಾವಣೆ ಇಲ್ಲ" ಎಂದೇ ಬರುತ್ತದೆ. ಅದಕ್ಕೇ ಅದೇ ಕ್ರೊಮಾಟಿನ್‌ನಿಂದ (ಡಿಎನ್ಎ-ಹಿಸ್ಟೋನ್ ಕಟ್ಟಿನಿಂದ) ಒಟ್ಟು ಎಚ್3 ಚಿಪ್ ಕೂಡ ಮಾಡಿ. ಉದಾಹರಣೆಗೆ ಆರ್‌ಡಿ29ಎ ಮೇಲೆ ಅಸಿಟೈಲ್ ಎಚ್3 ಕಂಟ್ರೋಲ್‌ನಲ್ಲಿ ಇನ್‌ಪುಟ್‌ನ (ಆಂಟಿಬಾಡಿ ಹಾಕುವ ಮೊದಲಿನ ಒಟ್ಟು ಡಿಎನ್ಎಯ) ಶೇ 2, ಬರದಲ್ಲೂ ಶೇ 2. ಒಟ್ಟು ಎಚ್3 ಕಂಟ್ರೋಲ್‌ನಲ್ಲಿ ಶೇ 4, ಬರದಲ್ಲಿ ಶೇ 2. ಭಾಗಿಸಿದರೆ ಅರ್ಧ ಇದ್ದದ್ದು ಒಂದಾಗಿದೆ. ಸುಮ್ನೆ ಮೊದಲ ಅಂಕಿ ನೋಡಿ ಪ್ರಯೋಗ ಕೈಬಿಟ್ಟಿದ್ದರೆ ಇದ್ದ ಬದಲಾವಣೆಯೇ ಕಳೆದುಹೋಗುತ್ತಿತ್ತು.

ಉಳಿದ ಕಡೆ ಮಾಮೂಲಿ ತಪ್ಪುಗಳೇ. ಹಿಸ್ಟೋನನ್ನು ಡಿಎನ್ಎಗೆ ಅಂಟಿಸುವ ಶೇ 1ರ ಫಾರ್ಮಾಲ್ಡಿಹೈಡ್ ಎಲೆಯ ಒಳಗೆ ಇಳಿಯಬೇಕಾದರೆ ವ್ಯಾಕ್ಯೂಮ್ ಬೇಕು, ಇಳಿದ ಎಲೆ ನೀರು ಕುಡಿದ ಬಟ್ಟೆಯ ಹಾಗೆ ಪಾರಕವಾಗಿ ಕಾಣುತ್ತದೆ. ಬಾಡಿದ ಎಲೆಯಲ್ಲಿ ಇದು ಬೇರೆ ವೇಗದಲ್ಲಿ ಆಗುತ್ತದೆ, ಎರಡನ್ನೂ ಕಣ್ಣಿಟ್ಟು ನೋಡಿ. 125 ಮಿಲಿಮೋಲಾರ್ ಗ್ಲೈಸಿನ್ ಹಾಕಿ ಈ ಅಂಟುವಿಕೆ ನಿಲ್ಲಿಸಿ. ಡಿಎನ್ಎ ತುಂಡು 200ರಿಂದ 500 ಬೇಸ್ ಜೋಡಿ ಇರಲಿ.

ಮ್ಯುಟೆಂಟ್ ಉಲ್ಟಾ ಹೊಡೆದರೆ

ಗುರುತು ಕೀಳುವ ಕಿಣ್ವದ ಜೀನ್ ಕೆಡಿಸಿ ಮ್ಯುಟೆಂಟ್ ಗಿಡ ಮಾಡಿದರೆ ಒತ್ತಡ ತಡೆಯುವ ಜೀನ್‌ಗಳು ಏಳಬೇಕು, ಗಿಡ ಗಟ್ಟಿಯಾಗಬೇಕು ಎಂದು ಲೆಕ್ಕ ಹಾಕುವುದು ಸಹಜ. ಗಿಡಕ್ಕೆ ಆ ಲೆಕ್ಕ ಗೊತ್ತಿಲ್ಲ. ಎಚ್‌ಡಿಎ19 ಎಂಬ ಡೀಅಸಿಟೈಲೇಸ್ ಕೆಟ್ಟ ಗಿಡ ಉಪ್ಪಿಗೆ ಬೇಗ ಸೋಲುತ್ತದೆ ಎಂದು 2010ರ ವರದಿ ಹೇಳಿದರೆ, ಅದೇ ಕಿಣ್ವ ಕೆಟ್ಟ ಗಿಡ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ ಎಂದು 2017ರ ವರದಿ ಹೇಳಿತು. ಎರಡರ ತಳಿ ಹಿನ್ನೆಲೆ ಬೇರೆ ಬೇರೆ. 2017ರ ಅದೇ ಕೆಲಸದಲ್ಲಿ ಇನ್ನೊಂದು ವರ್ಗದ ನಾಲ್ಕು ಡೀಅಸಿಟೈಲೇಸ್‌ಗಳನ್ನು ಒಟ್ಟಿಗೆ ಕೆಡಿಸಿದಾಗ ಗಿಡ ಉಪ್ಪಿಗೆ ಇನ್ನೂ ಬೇಗ ಸೋತಿತು. ಹಾಗಾಗಿ ನಿಮ್ಮ ಮ್ಯುಟೆಂಟ್ ಯಾವ ತಳಿಯಲ್ಲಿದೆಯೋ ಅದೇ ತಳಿಯ ಮೂಲ ಗಿಡವೇ ಪಕ್ಕದ ಕುಂಡದಲ್ಲಿ ಇರಬೇಕು.

ಎಚ್‌ಡಿಎ6 ಎಂಬ ಇನ್ನೊಂದು ಡೀಅಸಿಟೈಲೇಸ್‌ನ ಕಥೆ ಇನ್ನೂ ಸ್ವಾರಸ್ಯ. ಇದು ಕೆಟ್ಟ ಗಿಡ ಬರ ತಡೆಯುತ್ತದೆ, ಏಕೆಂದರೆ ಅದರಲ್ಲಿ ಅಸಿಟೇಟ್ ತಯಾರಿ ಜಾಸ್ತಿಯಾಗುತ್ತದೆ. ಮಾಮೂಲಿ ಗಿಡಕ್ಕೂ ಹೊರಗಿನಿಂದ ತೆಳು ಅಸಿಟಿಕ್ ಆಮ್ಲ ಕೊಟ್ಟರೆ ಬರ ತಡೆಯುವ ಶಕ್ತಿ ಏರುತ್ತದೆ ಎಂದು 2017ರಲ್ಲೇ ತಿಳಿಯಿತು. ನೀವೂ ಇದನ್ನು ಮಾಡಹೊರಟರೆ ಅಷ್ಟೇ ಹುಳಿಯ ಬೇರೊಂದು ಆಮ್ಲದ ಕಂಟ್ರೋಲ್ ಇಡಿ, ಇಲ್ಲದಿದ್ದರೆ ಕೆಲಸ ಮಾಡಿದ್ದು ಅಸಿಟೇಟೋ ಹುಳಿಯೋ ಗೊತ್ತಾಗುವುದಿಲ್ಲ. ಗಿಡಕ್ಕೆ ಸೋಡಿಯಂ ಬ್ಯುಟಿರೇಟ್ ಹಾಕುವವರೂ ಇದೇ ಮಾತು ನೆನಪಿಡಿ: ಉಪ್ಪಿನ ಪ್ರಯೋಗದಲ್ಲಿ ಆ ಸೋಡಿಯಂ ಕೂಡ ಉಪ್ಪೇ.

ಬ್ಲಾಟ್‌ಗೆ ಕಾಣದ ಅಸಿಟೈಲ್

ಪ್ರೋಟೀನಿನ ತುದಿಯಲ್ಲೂ ಅಸಿಟೈಲ್ ಕೂರುತ್ತದೆ, ಅದು ಲೈಸಿನ್ ಮೇಲಿನದ್ದಲ್ಲ. ಗಿಡದ ಸೈಟೋಸೋಲ್ (ಜೀವಕೋಶದ ಒಳದ್ರವ) ಪ್ರೋಟೀನುಗಳಲ್ಲಿ ಬಹುಪಾಲು ಇದನ್ನು ಹೊತ್ತಿವೆ. ಅಸಿಟೈಲ್-ಲೈಸಿನ್ ಆಂಟಿಬಾಡಿಗೆ ಇದು ಕಾಣುವುದೇ ಇಲ್ಲ. ಒತ್ತಡಕ್ಕೂ ಇದಕ್ಕೂ ಗಟ್ಟಿ ನಂಟಿದೆ: ಈ ಕೆಲಸ ಮಾಡುವ ನ್ಯಾಟ್-ಎ ಎಂಬ ಕಿಣ್ವಕೂಟ ಅಬ್ಸಿಸಿಕ್ ಆಮ್ಲ (ಬರದಲ್ಲಿ ಏರುವ ಗಿಡದ ಹಾರ್ಮೋನು) ಏರಿದಾಗ ಇಳಿಯುತ್ತದೆ, ಇಳಿಸಿದ ಗಿಡಗಳು ಪತ್ರರಂಧ್ರ ಮುಚ್ಚಿಕೊಂಡು ಬರ ತಡೆಯುತ್ತವೆ. 2015ರ ಕೆಲಸ ಇದು. ನಿಮ್ಮ ಬದಲಾವಣೆ ಇಲ್ಲಿದ್ದರೆ ಬ್ಲಾಟ್ ಎಷ್ಟು ಸಲ ಮಾಡಿದರೂ ಸಿಗದು, ಪ್ರೋಟೀನಿನ ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹೋಗಲೇಬೇಕು.

ಅಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಅಸಿಟೈಲ್ ಸೇರಿದರೆ ತೂಕ 42.011 ಡಾಲ್ಟನ್ ಏರುತ್ತದೆ, ಮೂರು ಮಿಥೈಲ್ ಸೇರಿದರೆ 42.047. ಉಪಕರಣ ಒರಟಾಗಿದ್ದರೆ ಎರಡೂ ಒಂದೇ. ಇನ್ನೊಂದು, ಅಸಿಟೈಲ್ ಕೂತ ಲೈಸಿನ್ ಪಕ್ಕದಲ್ಲಿ ಟ್ರಿಪ್ಸಿನ್ (ಪ್ರೋಟೀನನ್ನು ಪೆಪ್ಟೈಡ್ ಎಂಬ ತುಂಡುಗಳಾಗಿಸುವ ಕಿಣ್ವ) ಕತ್ತರಿಸುವುದಿಲ್ಲ. ಪೆಪ್ಟೈಡಿನ ಕೊನೆಯ ಅಮೈನೋ ಆಮ್ಲವೇ ಅಸಿಟೈಲ್-ಲೈಸಿನ್ ಎಂದು ಸಾಫ್ಟ್‌ವೇರ್ ತೋರಿಸಿದರೆ, ಅದು ಪ್ರೋಟೀನಿನ ಕೊನೆಯೂ ಅಲ್ಲದಿದ್ದರೆ, ಆ ಸಾಲನ್ನು ಪಟ್ಟಿಯಿಂದ ತೆಗೆದಿಡಿ. ಉಳಿದವುಗಳ ಸ್ಪೆಕ್ಟ್ರಮ್ ತೆರೆದು 126.09ರಲ್ಲಿ ಗೆರೆ ಇದೆಯೇ ನೋಡಿ. ಅದು ಅಸಿಟೈಲ್-ಲೈಸಿನ್ ಒಡೆದಾಗ ಬರುವ ತುಣುಕು.